ಕ್ಯಾಪ್ಟನ್ ಸಲಾರಿಯಾ: ವೀರಗಲ್ಲಿನಲ್ಲಿ ಇಲ್ಲದ ಪಟ್ಟಿಕೆ

ನಿಮ್ಮಲ್ಲಿ ವೀರಗಲ್ಲು ನೋಡಿದವರು ಎಷ್ಟು ಜನ? ಕೈ ಎತ್ತಿ ನೋಡೋಣ. ಹೆಚ್ಚುಕಡಿಮೆ ಎಲ್ಲರೂ ನೋಡಿದ್ದೀರಿ. ನಮ್ಮ ಕಡೆ ಅದು ಕೆರೆ ಏರಿಯ ಮೇಲೆ, ದೇವಸ್ಥಾನದ ಹಿಂದೆ, ಹೊಲದ ಬದುವಿನಲ್ಲಿ, ಎಲ್ಲೆಂದರಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಮೂರು ಪಟ್ಟಿಕೆ, ಅಂದರೆ ಒಂದರ ಮೇಲೊಂದು ಕೆತ್ತನೆಯ ಅಡ್ಡಸಾಲುಗಳು, ಇರುತ್ತವೆ. ಕೆಳಗಿನದರಲ್ಲಿ ವೀರ ಹೋರಾಡುತ್ತಿರುತ್ತಾನೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಕರೆದುಕೊಂಡು ಹೋಗುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ಕಾಳಗದಿಂದ ಶುರು, ಕೈಲಾಸದಲ್ಲಿ ಮುಗಿಯಿತು.

ಇತಿಹಾಸದ ಮೇಷ್ಟರಾಗಿ ನಾನು ಹುಡುಗರಿಗೆ ಎಷ್ಟೋ ವೀರಗಲ್ಲು ತೋರಿಸಿದ್ದೇನೆ. ಕೆಳಗಿನಿಂದ ಮೇಲಕ್ಕೆ ಓದಬೇಕು ಅಂತ ಹೇಳಿಕೊಟ್ಟಿದ್ದೇನೆ. ಒಂದು ಸಲ ಒಬ್ಬ ಹುಡುಗಿ ಕೇಳಿದಳು: "ಸಾರ್, ಇದರ ಕೆಳಗೆ ಇನ್ನೊಂದು ಇರಬೇಕಾಗಿತ್ತಲ್ವಾ? ಯುದ್ಧಕ್ಕೆ ಹೋಗೋ ಮುಂಚಿನದು?" ನನಗೆ ಉತ್ತರ ಹೊಳೆಯಲಿಲ್ಲ. ಇವತ್ತು ಡಿಸೆಂಬರ್ 5, ಕ್ಯಾಪ್ಟನ್ ಸಲಾರಿಯಾ ಸತ್ತ ದಿನ. ಆ ಹುಡುಗಿ ಕೇಳಿದ ಪಟ್ಟಿಕೆಯ ಬಗ್ಗೆಯೇ ಮಾತಾಡಬೇಕು ಅಂತ ಬಂದಿದ್ದೇನೆ.

ಬೇಗೂರಿನ ಶಾಸನ ನಿಮಗೆ ಗೊತ್ತಿರಬೇಕು. ಸುಮಾರು ಕ್ರಿ.ಶ. 900ರ ಹೊತ್ತಿನದು. ಬೆಂಗಳೂರು ಅನ್ನೋ ಹೆಸರು ಅದರಲ್ಲಿ ಇದೆ ಅಂತ ಎಲ್ಲರೂ ಹೋಗಿ ನೋಡಿ, ಫೋಟೋ ತೆಗೆದುಕೊಂಡು ಬರುತ್ತೇವೆ. ಆದರೆ ಅದನ್ನು ಕೆತ್ತಿಸಿದವರಿಗೆ ಊರಿನ ಹೆಸರು ಮುಖ್ಯವಾಗಿರಲಿಲ್ಲ. ಬೆಂಗಳೂರಿನ ಕಾಳಗದಲ್ಲಿ ಬುಟ್ಟಣಸೆಟ್ಟಿ ಸತ್ತ ಎಂದು ಹೇಳುವುದಕ್ಕೆ ಅದನ್ನು ಕೆತ್ತಿಸಿದರು. ಊರಿನ ಹೆಸರು ನಾವು ಇಟ್ಟುಕೊಂಡೆವು, ಬುಟ್ಟಣಸೆಟ್ಟಿಯನ್ನು ಬಿಟ್ಟೆವು. ನೆನಪು ಹೀಗೇ ಜಾರುತ್ತದೆ. ಕಲ್ಲು ಸಾವಿರ ವರ್ಷ ಗಟ್ಟಿಯಾಗಿ ನಿಂತಿದ್ದರೂ ಜಾರುತ್ತದೆ.

ಈಗ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಅವರ ವಿಷಯಕ್ಕೆ ಬರುತ್ತೇನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ ಈ ಹೆಸರು ಗೊತ್ತಿರುತ್ತದೆ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿದ್ದಾಗ ಪರಮವೀರ ಚಕ್ರ ಪಡೆದ ಏಕೈಕ ಸೈನಿಕ ಯಾರು? ಸಲಾರಿಯಾ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಓದಿದವರ ಪೈಕಿ ಮೊದಲು ಪರಮವೀರ ಚಕ್ರ ಪಡೆದವರು ಯಾರು? ಅದೂ ಸಲಾರಿಯಾ. ಎಲ್ಲಿ ಸತ್ತರು? ಕಾಂಗೋ. ಯಾವಾಗ? 1961ರ ಡಿಸೆಂಬರ್ 5. ನಾಲ್ಕು ಪ್ರಶ್ನೆ, ನಾಲ್ಕು ಅಂಕ. ಅಷ್ಟಕ್ಕೆ ಪುಟ ತಿರುಗಿಸುತ್ತೇವೆ.

ನಾನು ಪುಟ ತಿರುಗಿಸದೆ ಹಿಂದಕ್ಕೆ ಹೋಗುತ್ತೇನೆ, 1946ಕ್ಕೆ.

ಆಗ ಅವರಿಗೆ ಹತ್ತೂವರೆ ವರ್ಷ ದಾಟಿತ್ತು. ಊರು ಪಂಜಾಬಿನ ಶಕರ್‌ಗಢದ ಹತ್ತಿರದ ಒಂದು ಹಳ್ಳಿ. ಅಪ್ಪ ಮುನ್ಷಿರಾಮ್ ಬ್ರಿಟಿಷರ ಕಾಲದ ಸೈನ್ಯದಲ್ಲಿ ಹಾಡ್ಸನ್ಸ್ ಹಾರ್ಸ್ ಎಂಬ ಕುದುರೆ ಪಡೆಯಲ್ಲಿ ಇದ್ದವರು. ಅಮ್ಮ ಧನ್ ದೇವಿ. ಐದು ಮಕ್ಕಳಲ್ಲಿ ಗುರ್ಬಚನ್ ಎರಡನೆಯವನು. ಅಪ್ಪ ಹೇಳುತ್ತಿದ್ದ ಸೈನ್ಯದ ಕತೆಗಳನ್ನು ಕೇಳಿ ಕೇಳಿ ಹುಡುಗನಿಗೂ ಸೈನಿಕನಾಗಬೇಕು ಅನ್ನಿಸಿತ್ತು. ಮಿಲಿಟರಿ ಶಾಲೆಯ ಪರೀಕ್ಷೆ ಬರೆದ. ವೈದ್ಯಕೀಯ ತಪಾಸಣೆಯಲ್ಲಿ ಬಿದ್ದ. ಕಾರಣ ಏನು ಗೊತ್ತಾ? ಎದೆಯ ಸುತ್ತಳತೆ ಒಂದು ಇಂಚು ಕಡಿಮೆ.

ಅವರ ಜೀವನದ ಬಗ್ಗೆ ಬರೆದವರು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹತ್ತು ವರ್ಷದ ಹುಡುಗನನ್ನು ಅಂಗಿ ಬಿಚ್ಚಿಸಿ ನಿಲ್ಲಿಸಿದ್ದಾರೆ. ಟೇಪು ಹಿಡಿದವರು "ಉಸಿರು ಎಳೆದುಕೋ" ಅಂದಿರಬೇಕು. ಅವನು ಇದ್ದಬದ್ದ ಉಸಿರೆಲ್ಲ ಎಳೆದುಕೊಂಡಿರಬೇಕು. ಆದರೂ ಸಾಲಲಿಲ್ಲ. ಮನೆಗೆ ವಾಪಸ್. ನಿಮ್ಮ ಮನೆಯಲ್ಲಿ ಈ ವಯಸ್ಸಿನ ತಮ್ಮನೋ ತಂಗಿಯೋ ಇದ್ದರೆ ಅವರ ಮುಖ ನೆನಪಿಸಿಕೊಳ್ಳಿ. ಆಮೇಲೆ ಅವನು ದಿನಾ ಕಸರತ್ತು ಮಾಡಿದ. ಕೆಲವೇ ವಾರಗಳಲ್ಲಿ ಮತ್ತೆ ಹೋಗಿ ನಿಂತ. ಈ ಸಲ ಅಳತೆ ಸಾಕಾಯಿತು.

ಸೇರಿದ್ದು ಯಾವ ಶಾಲೆಗೆ? ಬೆಂಗಳೂರಿನ ಕಿಂಗ್ ಜಾರ್ಜ್ಸ್ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜಿಗೆ.

ನಿಮ್ಮಲ್ಲಿ ಕೆಲವರು ಹುಬ್ಬೇರಿಸಿದ್ದು ಕಾಣಿಸಿತು. ಹೌದು, ನಮ್ಮ ಬೆಂಗಳೂರೇ. ಹೊಸೂರು ರಸ್ತೆಯಲ್ಲಿ ಇವತ್ತಿಗೂ ಇರುವ ರಾಷ್ಟ್ರೀಯ ಮಿಲಿಟರಿ ಶಾಲೆ ಅದು. ಆ ಶಾಲೆ ಶುರುವಾದದ್ದೇ 1946ರ ಆಗಸ್ಟ್ 1ರಂದು. ಈ ಹುಡುಗ ಸೇರಿದ್ದೂ ಅದೇ ತಿಂಗಳು. ಪಂಜಾಬಿನ ಹಳ್ಳಿಯಿಂದ ಆ ಕಾಲದ ರೈಲಿನಲ್ಲಿ ದೇಶದ ಈ ತುದಿಗೆ ಬಂದಿದ್ದಾನೆ. ಭಾಷೆ ಬೇರೆ, ಊಟ ಬೇರೆ, ಹವೆ ಬೇರೆ. ಮನೆಯಿಂದ ದೂರ ಇರುವುದನ್ನು ಅವನು ಮೊದಲು ಕಲಿತದ್ದು ಕಾಂಗೋದಲ್ಲಿ ಅಲ್ಲ, ನಮ್ಮ ಊರಲ್ಲಿ. ಹೊಸೂರು ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗಲೆಲ್ಲ ನಾನು ಆ ಕಡೆ ತಿರುಗಿ ನೋಡುತ್ತೇನೆ.

ಒಂದು ವರ್ಷ ಕಳೆಯಿತು. 1947ರ ಆಗಸ್ಟ್ ಬಂತು. ಆ ತಿಂಗಳಲ್ಲೇ ಅವನಿಗೆ ಬೆಂಗಳೂರಿನಿಂದ ಜಲಂಧರ್‌ನ ಅದೇ ಹೆಸರಿನ ಶಾಲೆಗೆ ವರ್ಗವಾಯಿತು. ಅಷ್ಟರಲ್ಲಿ ದೇಶ ಇಬ್ಭಾಗವಾಗಿತ್ತು. ಶಕರ್‌ಗಢ ಇದ್ದ ಗುರುದಾಸ್‌ಪುರ ಜಿಲ್ಲೆಯಲ್ಲಿ ಗಡಿ ಎಲ್ಲಿ ಬರುತ್ತದೆ ಅಂತ ಆಗಸ್ಟ್ 15 ಕಳೆದರೂ ಜನಕ್ಕೆ ಗೊತ್ತಿರಲಿಲ್ಲ. ಆಗಸ್ಟ್ 17ಕ್ಕೆ ರ‍್ಯಾಡ್‌ಕ್ಲಿಫ್ ಗೆರೆ ಹೊರಬಿತ್ತು. ಜಿಲ್ಲೆಯ ಹೆಚ್ಚಿನ ಭಾಗ ಭಾರತಕ್ಕೆ ಬಂತು. ರಾವಿ ನದಿಯ ಆಚೆಗಿದ್ದ ಶಕರ್‌ಗಢ ಪಾಕಿಸ್ತಾನಕ್ಕೆ ಹೋಯಿತು. ಸಲಾರಿಯಾ ಮನೆಯವರು ಎಲ್ಲ ಬಿಟ್ಟು ನದಿಯ ಈಚೆಗೆ ಬಂದು ಜಂಗಲ್ ಎಂಬ ಹಳ್ಳಿಯಲ್ಲಿ ನೆಲೆ ನಿಂತರು. ಹುಡುಗ ರಜೆಗೆ ಅಂತ ಹೋದಾಗ ಹೋಗಿದ್ದು ಬೇರೆಯೇ ಊರಿಗೆ. ಹುಟ್ಟಿದ ಊರು ಪರದೇಶವಾಗಿತ್ತು. ಆಗ ಅವನಿಗೆ ಹನ್ನೊಂದು ವರ್ಷ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಜಲಂಧರ್‌ನಲ್ಲಿ ಓದು ಮುಗಿಯಿತು. ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಆಯಿತು, ಡೆಹ್ರಾಡೂನ್‌ನ ಮಿಲಿಟರಿ ಅಕಾಡೆಮಿ ಆಯಿತು. 1957ರ ಜೂನ್ 9ರಂದು ಅಧಿಕಾರಿಯಾಗಿ ಸೈನ್ಯಕ್ಕೆ ಸೇರಿದರು. ಮೊದಲು ಮೂರನೇ ಗೂರ್ಖಾ ರೈಫಲ್ಸ್, 1960ರಿಂದ ಒಂದನೇ ಗೂರ್ಖಾ ರೈಫಲ್ಸ್‌ನ ಮೂರನೇ ಬೆಟಾಲಿಯನ್.

ಇನ್ನು ಕಾಂಗೋ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ "ಕಾಂಗೋದಲ್ಲಿ ಹೋರಾಡಿ ಮಡಿದರು" ಅಂತ ಸುಮ್ನೆ ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ಯಾರ ಮೇಲೆ ಹೋರಾಟ? ಯಾರ ಪರವಾಗಿ? ಭಾರತಕ್ಕೂ ಕಾಂಗೋಗೂ ಏನು ಜಗಳ? ಜಗಳವೇ ಇರಲಿಲ್ಲ.

ಕಾಂಗೋ ಬೆಲ್ಜಿಯಂನ ವಸಾಹತಾಗಿತ್ತು. 1960ರ ಜೂನ್ 30ಕ್ಕೆ ಸ್ವತಂತ್ರವಾಯಿತು. ವಾರ ಕಳೆಯುವಷ್ಟರಲ್ಲಿ ಸೈನ್ಯ ದಂಗೆ ಎದ್ದಿತು. ಜುಲೈ 11ಕ್ಕೆ ಕಟಾಂಗ ಎಂಬ ಪ್ರಾಂತ್ಯ ತಾನೇ ಬೇರೆ ದೇಶ ಅಂತ ಘೋಷಿಸಿಕೊಂಡಿತು. ಅದರ ನಾಯಕ ಮೊಯಿಸ್ ಚೋಂಬೆ. ಕಟಾಂಗದ ನೆಲದ ಅಡಿಯಲ್ಲಿ ತಾಮ್ರ ಇತ್ತು, ಕೋಬಾಲ್ಟ್ ಇತ್ತು, ಯುರೇನಿಯಂ ಇತ್ತು. ಅಮೆರಿಕ ತನ್ನ ಮೊದಲ ಅಣುಬಾಂಬುಗಳನ್ನು ಮಾಡುವಾಗ ಬಹುಪಾಲು ಯುರೇನಿಯಂ ತರಿಸಿಕೊಂಡಿದ್ದು ಕಟಾಂಗದ ಶಿಂಕೊಲೊಬ್ವೆ ಗಣಿಯಿಂದ. ಆ ಗಣಿಗಳು ಬೆಲ್ಜಿಯಂ ಕಂಪನಿಯ ಕೈಯಲ್ಲಿದ್ದವು. ಚೋಂಬೆಯ ಬೆನ್ನಿಗೆ ಯಾರು ನಿಂತಿದ್ದರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ದುಡ್ಡು ಕೊಟ್ಟು ಯುರೋಪಿನಿಂದ, ದಕ್ಷಿಣ ಆಫ್ರಿಕಾದಿಂದ ಬಾಡಿಗೆ ಸೈನಿಕರನ್ನು ತರಿಸಿಕೊಂಡರು.

ಕಾಂಗೋ ಸರ್ಕಾರ ವಿಶ್ವಸಂಸ್ಥೆಯ ಸಹಾಯ ಕೇಳಿತು. ಜುಲೈ 14ಕ್ಕೆ ಭದ್ರತಾ ಮಂಡಳಿ ಪಡೆ ಕಳಿಸಲು ಒಪ್ಪಿತು. ಆದರೆ ಆ ಪಡೆಗೆ ಮೊದಮೊದಲು ತಮ್ಮ ರಕ್ಷಣೆಗೆ ಬಿಟ್ಟು ಗುಂಡು ಹಾರಿಸುವ ಅಧಿಕಾರ ಇರಲಿಲ್ಲ. 1961ರ ಜನವರಿಯಲ್ಲಿ ಕಾಂಗೋದ ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಅವರನ್ನು ಕಟಾಂಗದಲ್ಲಿ ಕೊಂದರು. ಅವರಿಗೆ ಮೂವತ್ತೈದು ವರ್ಷ. ಆ ಸಾವಿನ ಸುದ್ದಿ ಹೊರಬಿದ್ದ ಮೇಲೆ ಭದ್ರತಾ ಮಂಡಳಿ ಬಿಗಿಯಾಯಿತು. ನೆಹರೂ ಸರ್ಕಾರ ಒಂದು ಪೂರ್ಣ ಬ್ರಿಗೇಡನ್ನೇ ಕಳಿಸಲು ಒಪ್ಪಿತು. ಮಾರ್ಚ್ ತಿಂಗಳಲ್ಲಿ 99ನೇ ಬ್ರಿಗೇಡ್ ಹೊರಟಿತು. ಸುಮಾರು 3,000 ಜನ. ಅದರಲ್ಲಿ ಸಲಾರಿಯಾ ಅವರ ಬೆಟಾಲಿಯನ್ ಕೂಡ ಇತ್ತು.

ಸೆಪ್ಟೆಂಬರ್ 17ರ ಮಧ್ಯರಾತ್ರಿ ಕಳೆದ ಮೇಲೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಡಾಗ್ ಹ್ಯಾಮರ್‌ಶೋಲ್ಡ್ ಅವರ ವಿಮಾನ ಈಗಿನ ಜಾಂಬಿಯಾದ ಎನ್‌ಡೋಲಾ ಹತ್ತಿರ ಬಿದ್ದು ಅವರು ತೀರಿಕೊಂಡರು. ಕದನವಿರಾಮದ ಮಾತುಕತೆಗೆ ಚೋಂಬೆಯನ್ನು ನೋಡಲು ಹೊರಟಿದ್ದರು. ನವೆಂಬರ್ 24ಕ್ಕೆ ಭದ್ರತಾ ಮಂಡಳಿ ಬಾಡಿಗೆ ಸೈನಿಕರನ್ನು ಹೊರಹಾಕಲು ಬಲ ಬಳಸಬಹುದು ಎಂದಿತು. ಐದು ದಿನ ಬಿಟ್ಟು, ನವೆಂಬರ್ 29ಕ್ಕೆ, ಸಲಾರಿಯಾ ಅವರಿಗೆ ಇಪ್ಪತ್ತಾರು ತುಂಬಿತು.

ಈಗ ಆ ದಿನದ ಘಟನೆ. ಜನ ಇದನ್ನು ಸಿನಿಮಾ ಥರ ಹೇಳುತ್ತಾರೆ. ನನಗೆ ಹಾಗೆ ಹೇಳಲು ಮನಸ್ಸಿಲ್ಲ. ಇದ್ದದ್ದನ್ನು ಹೇಳುತ್ತೇನೆ.

ಕಟಾಂಗದ ರಾಜಧಾನಿ ಎಲಿಜಬೆತ್‌ವಿಲ್. ಈಗಿನ ಹೆಸರು ಲುಬುಂಬಾಶಿ. ಅಲ್ಲಿ ಊರಿಗೂ ವಿಮಾನ ನಿಲ್ದಾಣಕ್ಕೂ ನಡುವಿನ ರಸ್ತೆಗೆ ಕಟಾಂಗದ ಪಡೆಯವರು ಅಡ್ಡಗಟ್ಟೆ ಹಾಕಿದ್ದರು. ಆ ರಸ್ತೆ ಮುಚ್ಚಿದರೆ ಊರೊಳಗಿದ್ದ ವಿಶ್ವಸಂಸ್ಥೆಯ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಡಿಸೆಂಬರ್ 5ರಂದು ಅದನ್ನು ತೆರವು ಮಾಡಲು ಗೂರ್ಖಾ ಬೆಟಾಲಿಯನ್‌ಗೆ ಆದೇಶ ಬಂತು. ಮುಖ್ಯ ದಾಳಿ ಒಂದು ಕಡೆಯಿಂದ. ಸಲಾರಿಯಾ ಅವರ ಕೆಲಸ ವಿಮಾನ ನಿಲ್ದಾಣದ ಕಡೆಯಿಂದ ಬಂದು ಎದುರಾಳಿಗಳು ತಪ್ಪಿಸಿಕೊಳ್ಳದಂತೆ ದಾರಿ ಕಟ್ಟುವುದು. ಅಂದರೆ ಅವರದ್ದು ಸಹಾಯಕ ಕೆಲಸ. ಜೊತೆಗೆ ಹದಿನಾರು ಜನ ಗೂರ್ಖಾಗಳು, ಸ್ವೀಡನ್ ಸೈನಿಕರ ಎರಡು ಶಸ್ತ್ರಸಜ್ಜಿತ ವಾಹನಗಳು.

ಗುರಿ ಮುಟ್ಟುವ ಮೊದಲೇ ಅವರ ಮೇಲೆ ಗುಂಡಿನ ಮಳೆ ಬಿತ್ತು. ಅಲ್ಲಿ ಯಾರೂ ಎಣಿಸದ ಒಂದು ತುಕಡಿ ಅಡಗಿತ್ತು. ಸುಮಾರು ತೊಂಬತ್ತು ಜನ, ಎರಡು ಶಸ್ತ್ರಸಜ್ಜಿತ ಕಾರು. ಈ ಕಡೆ ಹದಿನೇಳು ಜನ. ಅಲ್ಲಿಂದ ಹಿಂದೆ ಸರಿದಿದ್ದರೆ ಆ ತೊಂಬತ್ತು ಜನ ಮುಖ್ಯ ದಾಳಿಯವರ ಮೇಲೆ ಬೀಳುತ್ತಿದ್ದರು. ಸಲಾರಿಯಾ ಹಿಂದೆ ಸರಿಯಲಿಲ್ಲ. ರಾಕೆಟ್ ಲಾಂಚರ್‌ನಿಂದ ಎರಡೂ ಕಾರುಗಳನ್ನು ಹೊಡೆಸಿದರು. ಆಮೇಲೆ ಬಯೊನೆಟ್, ಖುಕ್ರಿ, ಗ್ರೆನೇಡ್ ಹಿಡಿದು ಎಲ್ಲರೂ ನುಗ್ಗಿದರು. ಎದುರಿನವರಲ್ಲಿ ಸುಮಾರು ನಲವತ್ತು ಜನ ಸತ್ತರು. ಉಳಿದವರು ಓಡಿದರು. ಸಲಾರಿಯಾ ಅವರ ಕುತ್ತಿಗೆಗೆ ಗುಂಡು ತಗುಲಿತ್ತು. ರಕ್ತ ಹೋಗುತ್ತಿದ್ದರೂ ಹೋರಾಡುತ್ತಲೇ ಇದ್ದರು. ಕೊನೆಗೆ ಕುಸಿದು ಬಿದ್ದರು. ಆ ಗಾಯದಿಂದಲೇ ತೀರಿಕೊಂಡರು. ಹುಟ್ಟುಹಬ್ಬ ಕಳೆದು ಆರು ದಿನವಾಗಿತ್ತು.

ವಿಶ್ವಸಂಸ್ಥೆಯ ಕೇಂದ್ರ ಕಚೇರಿ ಮುತ್ತಿಗೆಗೆ ಸಿಗದೆ ಉಳಿದದ್ದು ಈ ಕಾರ್ಯಾಚರಣೆಯಿಂದ ಎಂದು ಪರಮವೀರ ಚಕ್ರದ ಪ್ರಶಸ್ತಿ ಪತ್ರ ಹೇಳುತ್ತದೆ. ಅಡ್ಡಗಟ್ಟೆ ತೆರವಾಯಿತು. ಕಟಾಂಗದ ಪ್ರತ್ಯೇಕತೆ ಮುಗಿದದ್ದು 1963ರ ಜನವರಿಯಲ್ಲಿ. ಕಾಂಗೋ ಒಂದು ದೇಶವಾಗಿ ಉಳಿಯಿತು.

ಇಲ್ಲಿ ನನ್ನ ಒಂದು ಊಹೆ ಹೇಳುತ್ತೇನೆ. ಇದಕ್ಕೆ ದಾಖಲೆ ಕೇಳಬೇಡಿ. ಹನ್ನೊಂದು ವರ್ಷಕ್ಕೆ, ಯಾರೋ ಎಳೆದ ಗೆರೆಯಿಂದ ಊರು ಕಳೆದುಕೊಂಡ ಹುಡುಗ ಅವರು. ಹದಿನಾಲ್ಕು ವರ್ಷ ಬಿಟ್ಟು ಇನ್ನೊಂದು ಖಂಡದಲ್ಲಿ, ಆಗತಾನೇ ಸ್ವತಂತ್ರವಾದ ಇನ್ನೊಂದು ದೇಶದಲ್ಲಿ, ಮತ್ತೆ ಅಂಥದ್ದೇ ಒಂದು ಗೆರೆ ಬೀಳುವ ಹೊತ್ತಿಗೆ ಅಲ್ಲಿ ನಿಂತಿದ್ದಾರೆ. ಅವರಿಗೆ ಇದು ಮನಸ್ಸಿಗೆ ಬಂದಿರಲಾರದೇ? ಬಂದಿತ್ತು ಅಂತ ನಾನು ನಂಬುತ್ತೇನೆ. ಆದೇಶ ಬಂತು, ಹೋದರು ಅನ್ನುವುದು ನಿಜ. ಆದರೆ ಇಪ್ಪತ್ತಾರು ವರ್ಷದ ಮನುಷ್ಯ ಒಳಗೆ ಏನೂ ಇಲ್ಲದೆ ಬರೀ ಆದೇಶದ ಮೇಲೆ ನಡೆಯುತ್ತಾನೆ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನೂ ಕೆಲವರನ್ನು ನೆನೆಯಬೇಕು. ಆ ಹದಿನಾರು ಜನ. ಗೂರ್ಖಾ ಪಡೆಗಳಿಗೆ ಭಾರತದ ಗೂರ್ಖಾಗಳೂ ಸೇರುತ್ತಾರೆ, ನೇಪಾಳದ ಬೆಟ್ಟದ ಹಳ್ಳಿಗಳ ಹುಡುಗರೂ ಸೇರುತ್ತಾರೆ. ನೇಪಾಳದಿಂದ ಬಂದವನಿಗೆ ಭಾರತವೇ ಪರದೇಶ. ಅಲ್ಲಿಂದ ಕಾಂಗೋ ಅಂದರೆ ಎರಡನೇ ಪರದೇಶ. ತೊಂಬತ್ತು ಜನರ ಮೇಲೆ ನುಗ್ಗುವ ಅಧಿಕಾರಿಯ ಹಿಂದೆ ಹದಿನಾರು ಜನ ಒಬ್ಬರೂ ತಪ್ಪದೆ ನುಗ್ಗುತ್ತಾರೆ ಅಂದರೆ, ಆ ಅಧಿಕಾರಿ ಬದುಕಿದ್ದಾಗ ಅವರ ಜೊತೆ ಹೇಗಿದ್ದ ಅಂತ ಯೋಚಿಸಿ. ಅವರ ಭಾಷೆ ಕಲಿತು, ಅವರ ಜೊತೆ ಉಂಡು, ಅವರ ಮನೆ ವಿಷಯ ಕೇಳಿ ತಿಳಿದುಕೊಂಡ ಅಧಿಕಾರಿಗೆ ಮಾತ್ರ ಗೂರ್ಖಾಗಳು ಹಾಗೆ ಹಿಂಬಾಲಿಸುತ್ತಾರೆ. ಆ ಕಾಳಗದ ಹಿಂದೆ ಎಷ್ಟೋ ಸಾಮಾನ್ಯ ದಿನಗಳು ಇದ್ದವು. ಆ ಹುಡುಗಿ ಕೇಳಿದ ಪಟ್ಟಿಕೆ ಅದೇ.

ಹಾಗೆಯೇ ಅಲ್ಲಿ ಸತ್ತ ಆ ನಲವತ್ತು ಜನ. ಬಾಡಿಗೆ ಸೈನಿಕರಿಗೆ ಸಂಬಳ ಸಿಗುತ್ತಿತ್ತು, ಗಣಿ ಕಂಪನಿಗೆ ಲಾಭ ಸಿಗುತ್ತಿತ್ತು. ಕಟಾಂಗದ ಸಾಮಾನ್ಯ ಸಿಪಾಯಿಗೆ ಏನು ಸಿಕ್ಕಿತು? ಆ ತಿಂಗಳ ಕಾದಾಟದಲ್ಲಿ ಎಲಿಜಬೆತ್‌ವಿಲ್‌ನ ಎಷ್ಟೋ ನಾಗರಿಕರೂ ಸತ್ತರು. ವಿಶ್ವಸಂಸ್ಥೆಯ ಪಡೆಯ ಮೇಲೂ ಆಗ ಕಟುವಾದ ಟೀಕೆ ಬಂತು. ಇದನ್ನೆಲ್ಲ ಮುಚ್ಚಿಟ್ಟು ಸಲಾರಿಯಾ ಅವರನ್ನು ಹೊಗಳಿದರೆ ಅವರಿಗೆ ಗೌರವ ಜಾಸ್ತಿ ಆಗುವುದಿಲ್ಲ. ಅವರು ನಿಂತ ಜಾಗ ಎಷ್ಟು ಕಷ್ಟದ್ದಾಗಿತ್ತು ಅಂತ ಗೊತ್ತಾಗುವುದೇ ಇದನ್ನೂ ಸೇರಿಸಿ ಹೇಳಿದಾಗ.

ಅವರಿಗೆ 1962ರಲ್ಲಿ ಮರಣೋತ್ತರವಾಗಿ ಪರಮವೀರ ಚಕ್ರ ಬಂತು. ಇದುವರೆಗೆ ಆ ಪದಕ ಪಡೆದವರು ಇಪ್ಪತ್ತೊಂದೇ ಜನ. ಭಾರತೀಯ ಹಡಗು ನಿಗಮದ ಒಂದು ತೈಲ ಹಡಗಿಗೆ ಅವರ ಹೆಸರಿಟ್ಟಿದ್ದರು. 2023ರ ಜನವರಿಯಲ್ಲಿ ಅಂಡಮಾನ್‌ನ ಇಪ್ಪತ್ತೊಂದು ದ್ವೀಪಗಳಿಗೆ ಪರಮವೀರರ ಹೆಸರಿಟ್ಟಾಗ ಒಂದು ದ್ವೀಪ ಸಲಾರಿಯಾ ದ್ವೀಪವಾಯಿತು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಅವರ ಪ್ರತಿಮೆ ಇದೆ. ಅಲ್ಲಿಗೆ ಹೋದರೆ ತ್ಯಾಗ ಚಕ್ರ ಎಂಬ ಭಾಗವನ್ನು ನಿಧಾನಕ್ಕೆ ನೋಡಿ. ದುಂಡಗೆ ಗೋಡೆಗಳು, ಗೋಡೆಯಲ್ಲಿ ಕಲ್ಲಿನ ಇಟ್ಟಿಗೆಗಳು, ಒಂದೊಂದು ಇಟ್ಟಿಗೆಯ ಮೇಲೆ ಒಬ್ಬರ ಹೆಸರು. 25 ಸಾವಿರಕ್ಕೂ ಹೆಚ್ಚು ಹೆಸರುಗಳು. ನಾನು ಹೋದಾಗ ಒಬ್ಬ ಹೆಂಗಸು ಒಂದು ಇಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು ತುಂಬಾ ಹೊತ್ತು ನಿಂತಿದ್ದರು. ಮಾತಾಡಿಸುವ ಧೈರ್ಯ ನನಗೆ ಬರಲಿಲ್ಲ.

ಪರದೇಶದಲ್ಲಿ ಸತ್ತವರ ಮನೆಯವರಿಗೆ ಇನ್ನೊಂದು ನೋವು ಇರುತ್ತದೆ. ಸತ್ತ ಜಾಗ ನೋಡಲು ಆಗುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿ ಸತ್ತ ನಮ್ಮವರಲ್ಲಿ ಗೋರಿಯೂ ಇಲ್ಲದವರ ಹೆಸರುಗಳು ನವ್ ಶಾಪೆಲ್ ಎಂಬ ಊರಿನ ಸ್ಮಾರಕದಲ್ಲಿವೆ. 4,700ಕ್ಕೂ ಹೆಚ್ಚು. ಅದನ್ನು 1927ರಲ್ಲಿ ಕಟ್ಟಿ ಮುಗಿಸಿದರು. ಆ 4,700 ಮನೆಗಳಿಂದ ಎಷ್ಟು ಜನ ತಾಯಂದಿರು ಫ್ರಾನ್ಸಿಗೆ ಹೋಗಿ ಮಗನ ಹೆಸರು ಮುಟ್ಟಿ ನೋಡಿರಬಹುದು?

ಇದು ಹಳೇ ಕತೆ ಅಂದುಕೊಳ್ಳಬೇಡಿ. ಶಾಂತಿಪಾಲನಾ ಕೆಲಸದಲ್ಲಿ ಇದುವರೆಗೆ 160ಕ್ಕೂ ಹೆಚ್ಚು ಭಾರತೀಯರು ಸತ್ತಿದ್ದಾರೆ. ಬೇರೆ ಯಾವ ದೇಶವೂ ಇಷ್ಟು ಜನರನ್ನು ಕಳೆದುಕೊಂಡಿಲ್ಲ. 2013ರ ಏಪ್ರಿಲ್‌ನಲ್ಲಿ ದಕ್ಷಿಣ ಸುಡಾನ್‌ನಲ್ಲಿ ಹೊಂಚುದಾಳಿಗೆ ನಮ್ಮ ಐದು ಜನ ಸೈನಿಕರು ಬಲಿಯಾದರು. 2022ರ ಜುಲೈನಲ್ಲಿ ಅದೇ ಕಾಂಗೋದ ಬುಟೆಂಬೊ ಎಂಬ ಊರಲ್ಲಿ ಗಡಿ ಭದ್ರತಾ ಪಡೆಯ ಇಬ್ಬರು ಸತ್ತರು. ಆ ಸುದ್ದಿ ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ಇಲ್ಲ ಅಲ್ವಾ? ನನಗೂ ಎರಡು ದಿನ ನೆನಪಿತ್ತು, ಆಮೇಲೆ ಹೋಯಿತು. ಈ ಉಪನ್ಯಾಸಕ್ಕೆ ಓದುವಾಗ ಮತ್ತೆ ಸಿಕ್ಕಿತು.

ಕೊನೆಗೆ ಒಂದು ಕೋರಿಕೆ. ನಾವು ಪ್ರತಿ ವರ್ಷ ಡಿಸೆಂಬರ್ 5ಕ್ಕೆ ಸೇರುತ್ತೇವೆ. ಅದು ಅವರು ಸತ್ತ ದಿನ. ಆ ದಿನ ಸೇರಿದರೆ ಮಾತು ತಾನಾಗಿಯೇ ಆ ರಸ್ತೆಗೆ, ಆ ಅಡ್ಡಗಟ್ಟೆಗೆ, ಆ ಕಾಳಗಕ್ಕೆ ಹೋಗಿಬಿಡುತ್ತದೆ. ನಾನೂ ಇವತ್ತು ಅದರ ಬಗ್ಗೆ ಮಾತಾಡದೆ ಇರಲು ಆಗಲಿಲ್ಲ. ಮುಂದಿನ ವರ್ಷ ನವೆಂಬರ್ 29ಕ್ಕೆ ಸೇರೋಣ. ಅದು ಅವರು ಹುಟ್ಟಿದ ದಿನ. ಮಾತಾಡುವವರು ನಾನಾಗಬೇಕಿಲ್ಲ, ನಿಮ್ಮಲ್ಲೇ ಯಾರಾದರೂ ಮಾತಾಡಿ. ಎದೆಯ ಅಳತೆ ಒಂದು ಇಂಚು ಕಡಿಮೆ ಇದ್ದ ಹುಡುಗನ ಬಗ್ಗೆ ಮಾತಾಡಿ. ಬೆಳಿಗ್ಗೆ ಪ್ರಾಂಶುಪಾಲರನ್ನು ಕೇಳಿದೆ. ದಿನಾಂಕ ಬರೆದುಕೊಂಡಿದ್ದಾರೆ.